ಹುಲ್ದಾ ಬಿಟ್ಟ ಹೆಸರು

ಪಕ್ಕದ ಮನೆಯ ಬೇಲಿಯ ಮೇಲೆ ಕೆಂಪು ಕೌದಿ ಬಿದ್ದದ್ದನ್ನು ತಿರ್ಜಾ ಕಂಡಾಗ ಅವಳ ಮಡಿಲ ತುಂಬ ಹಿಪ್ಪುನೇರಳೆ ಸೊಪ್ಪಿತ್ತು. ಬಿಳಿ ಕೌದಿ ಬಿದ್ದರೆ ಒಗೆದು ಒಣಹಾಕಿದ್ದಾರೆ ಎಂದರ್ಥ. ಕೆಂಪು ಕೌದಿ ಬಿದ್ದರೆ ಸರ್ಕಾರಿ ಮಾರ್ಷಲ್‌ನ ಆಳುಗಳು ಹೊಳೆ ದಾಟಿ ಊರೊಳಗೆ ಬಂದಿದ್ದಾರೆ ಎಂದರ್ಥ. ನಮ್ಮ ಕಣಿವೆಯಲ್ಲಿ ಆ ಎರಡು ವರ್ಷ ಕೆಂಪು ಕೌದಿಯನ್ನು ಚಳಿಗೆಂದು ಹೊದ್ದವರು ಯಾರೂ ಇರಲಿಲ್ಲ.

ಅವಳು ಓಡಲಿಲ್ಲ. ಓಡುವ ಹೆಂಗಸನ್ನು ದೂರದಿಂದ ನೋಡಿದವನಿಗೂ ಮನೆಯಲ್ಲಿ ಬಚ್ಚಿಡುವಂಥದ್ದು ಏನೋ ಇದೆ ಎಂದು ತಿಳಿದುಬಿಡುತ್ತದೆ. ಸೊಪ್ಪು ಚೆಲ್ಲದಂತೆ ಅಂಗಳ ದಾಟಿ ಹುಳುವಿನ ಕೋಣೆಗೆ ಹೋಗಿ, ಬಾಗಿಲು ಮುಂದಕ್ಕೆ ಎಳೆದುಕೊಂಡು, "ಮಾರೆನ್, ಬಂದ್ರು," ಎಂದಳು.

ಮಾರೆನ್ ರೇಷ್ಮೆಹುಳು ಸಾಕುವ ತಟ್ಟೆಗಳ ನಡುವೆ ನೆಲದ ಮೇಲೆ ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು. ಮೂರು ವಾರದ ಗಂಡುಮಗು. ಇನ್ನೂ ಹೆಸರಿಟ್ಟಿರಲಿಲ್ಲ. ತಿಂಗಳ ಉಪವಾಸದ ಗುರುವಾರ ಸಭೆಯ ಮುಂದೆ ಮಗುವನ್ನು ಎತ್ತಿ ಹಿಡಿದು ಹೆಸರಿಡಬೇಕಾದ ತಂದೆ ಜೋತಮ್ ಎರಡು ತಿಂಗಳಿಂದ ಗುಡ್ಡದಾಚೆ ಕುರಿಯವರ ಗುಡಿಸಲಲ್ಲಿ ಅಡಗಿದ್ದ. ಅವನ ತಪ್ಪು ಇಷ್ಟೇ, ಅವನಿಗೆ ಇಬ್ಬರು ಹೆಂಡಿರು. ತಿರ್ಜಾ ಮೊದಲನೆಯವಳು, ಮಾರೆನ್ ಎರಡನೆಯವಳು. ದೇವರು ಒಪ್ಪಿದ್ದನ್ನು ಸರ್ಕಾರ ಒಪ್ಪಲಿಲ್ಲ, ಅದಕ್ಕೊಂದು ಕಾನೂನು ಮಾಡಿತು. ಮಾರೆನ್ ಮಗುವಿನ ಸಮೇತ ಸಿಕ್ಕಿಬಿದ್ದರೆ ಕೋರ್ಟಿಗೆ ಎಳೆಯುತ್ತಾರೆ, ಮಗುವಿನ ತಂದೆ ಯಾರು ಎಂದು ಕೇಳುತ್ತಾರೆ. ಹೇಳಿದರೆ ಜೋತಮ್ ಜೈಲಿಗೆ, ಹೇಳದಿದ್ದರೆ ಅವಳೇ ಜೈಲಿಗೆ, ಹಾಲು ಕುಡಿಯುವ ಕೂಸೂ ಜೊತೆಗೆ. ಹೋದ ಚಳಿಗಾಲ ಮೇಲಿನ ಊರಿನ ಹೆಂಗಸೊಬ್ಬಳು ಹಾಗೇ ಹೋಗಿ ತಿಂಗಳಾದ ಮೇಲೆ ಬರಿಗೈಯಲ್ಲಿ ಬಂದಿದ್ದಳು.

"ಎಷ್ಟು ಜನ ಅಕ್ಕ?" ಎಂದಳು ಮಾರೆನ್. ಡೆನ್ಮಾರ್ಕಿನ ಹುಡುಗಿ, ಈಗ ಇಪ್ಪತ್ತೇಳು. ಹೆದರಿದಾಗ ಕಿವಿ ಕೆಂಪಾಗುತ್ತಿತ್ತು.

"ಎಷ್ಟಾದ್ರೆ ಏನು. ಎದ್ದೇಳು. ಬಾಯಿಂದ ಮೊಲೆ ತೆಗೀಬೇಡ, ಹಾಗೇ ಎದ್ದೇಳು."

ತಟ್ಟೆ ಜೋಡಿಸಿದ ಕೊನೆಯ ಅಟ್ಟಣೆಗೂ ಗೋಡೆಗೂ ನಡುವೆ ಒಂದು ಮೊಳ ಜಾಗ. ಮಾರೆನ್ ಅಲ್ಲಿಗೆ ಪಕ್ಕಕ್ಕೆ ಸರಿದು ಸೇರಿಕೊಂಡಳು. ತಿರ್ಜಾ ಮುಂದೆ ಹಳೆಯ ಗೋಣಿಪಟ್ಟೆ ಇಳಿಬಿಟ್ಟು, ಮಡಿಲಿನ ಸೊಪ್ಪನ್ನೆಲ್ಲ ತಟ್ಟೆಗಳಿಗೆ ಹರಡಿದಳು. ನಾಲ್ಕನೇ ಜ್ವರ ಎದ್ದು ಪೊರೆ ಬಿಟ್ಟ ಹುಳುಗಳು, ಹೊಟ್ಟೆಗೆ ಕೊನೆಮೊದಲಿಲ್ಲ. ಸೊಪ್ಪು ಬಿದ್ದ ಗಳಿಗೆಯಲ್ಲೇ ಮೇಯತೊಡಗಿದವು. ಆರು ಸಾವಿರ ಬಾಯಿ ಒಟ್ಟಿಗೆ ಮೇಯುವ ಸದ್ದು ಚಾವಣಿಯ ಮೇಲೆ ಜಿಟಿಜಿಟಿ ಮಳೆ ಹಿಡಿದಂತೆ ಕೋಣೆಯನ್ನು ತುಂಬಿತು. ಕೂಸಿನ ಉಸಿರು, ಚೀಪುವ ಸದ್ದು, ಸಣ್ಣ ಮುಲುಕು ಎಲ್ಲ ಅದರಲ್ಲಿ ಮುಳುಗಿದವು. ಸೊಪ್ಪು ಇರುವಷ್ಟು ಹೊತ್ತು ಸದ್ದು, ಸದ್ದು ಇರುವಷ್ಟು ಹೊತ್ತು ಕ್ಷೇಮ. ಒಂದು ಗಂಟೆ, ಬಹಳವೆಂದರೆ ಒಂದೂಕಾಲು.

ಈ ಹುಳುಗಳ ಮೇಲೆ ತಿರ್ಜಾಳಿಗೆ ಮೊದಲಿಂದಲೂ ಹೇಸಿಗೆ. ಮೂರು ವರ್ಷದ ಹಿಂದೆ ಮಹಿಳಾ ಸಂಘದ ಅಧ್ಯಕ್ಷೆ ಮನೆಗೆ ಬಂದು, "ಸೋದರಿ ತಿರ್ಜಾ, ನಮ್ಮ ರೇಷ್ಮೆ ನಾವೇ ಮಾಡ್ಕೋಬೇಕಂತೆ, ಸಭೆಯ ಹಿರಿಯರಿಂದ ನಿನಗೆ ಕರೆ ಬಂದಿದೆ," ಎಂದಿದ್ದಳು. ಕರೆ ಬಂದಮೇಲೆ ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಮನೆಯ ಒಳ್ಳೆಯ ಕೋಣೆಯನ್ನು ಹುಳುಗಳಿಗೆ ಬಿಟ್ಟುಕೊಟ್ಟು ಮನೆಯವರು ಅಡುಗೆಮನೆಯಲ್ಲಿ ಮಲಗತೊಡಗಿದರು. ಕರೆ ಬಂತೆಂದು ಹದಿನಾರನೇ ವಯಸ್ಸಿಗೆ ಇಂಗ್ಲೆಂಡ್ ಬಿಟ್ಟು, ಕೈಬಂಡಿ ಎಳೆದುಕೊಂಡು ಸಾವಿರ ಮೈಲಿ ನಡೆದು, ದಾರಿಯಲ್ಲಿ ಪ್ಲಾಟ್ ನದಿಯ ದಂಡೆಯಲ್ಲಿ ಪುಟ್ಟ ತಮ್ಮನನ್ನು ಮಣ್ಣು ಮಾಡಿ, ತೋಳ ಕೆದಕದಿರಲೆಂದು ಮೇಲೆ ಕಲ್ಲು ಹೇರಿ ಬಂದವಳು ಅವಳು. ಕರೆ ಬಂತೆಂದೇ ಎಂಟು ವರ್ಷದ ಹಿಂದೆ ಸಾಲ್ಟ್ ಲೇಕ್‌ಗೆ ಹೋಗಿ, ಪದ್ಧತಿಯಂತೆ ಮಾರೆನ್‌ಳ ಬಲಗೈ ಹಿಡಿದು ತನ್ನ ಗಂಡನ ಬಲಗೈಯಲ್ಲಿ ತಾನೇ ಇಟ್ಟಿದ್ದಳು. ಕೈ ಇಟ್ಟದ್ದು ನಿಜ. ಆದರೆ ಮಣ್ಣಿನ ಬೊಂಬೆಯಾದರೂ ಸವತಿ ಸವತಿಯೇ. ಇವಳೋ ಮಣ್ಣಿನ ಬೊಂಬೆಯಲ್ಲ, ಕೆಂಪು ಕಿವಿಯ, ನಗುವ ಕಣ್ಣಿನ, ಒಳ್ಳೆ ರೊಟ್ಟಿ ಸುಡುವ ಹೆಣ್ಣು.

ತಿರ್ಜಾ ಅಡುಗೆಮನೆಗೆ ಬಂದಳು. ಆರು ವರ್ಷದ ಹುಲ್ದಾ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಹೆತ್ತವಳು ಮಾರೆನ್. ತಿರ್ಜಾ ಅವಳಿಗೆ ದೊಡ್ಡಮ್ಮ. ತಿರ್ಜಾಳ ಸ್ವಂತ ಮಕ್ಕಳಲ್ಲಿ ಉಳಿದ ಇಬ್ಬರೂ ಮದುವೆಯಾಗಿ ಬೇರೆ ಊರು ಸೇರಿದ್ದರು.

"ಹುಲ್ದಾ, ಬಂದ್ರು. ನಾನ್ಯಾರು ನಿನಗೆ?"

"ಅಮ್ಮ," ಎಂದಿತು ಮಗು, ಬಟಾಣಿಯಿಂದ ಕಣ್ಣೆತ್ತದೆ.

"ಅಪ್ಪ ಎಲ್ಲಿ?"

"ಗೊತ್ತಿಲ್ಲ."

"ಮನೇಲಿ ಇನ್ಯಾರಿದಾರೆ?"

"ಇನ್ಯಾರೂ ಇಲ್ಲ."

"ಜಾಣೆ."

ಸುಳ್ಳು ಹೇಳಿದರೆ ನಾಲಿಗೆಗೆ ಸೋಪು ಹಚ್ಚುತ್ತಿದ್ದ ಮನೆ ಅದು. ಈಗ ಬೆಳಗೂ ಬೈಗೂ ಮಗುವಿಗೆ ಸುಳ್ಳಿನ ಪಾಠ.

ಇಬ್ಬರು ಬಂದರು. ಒಬ್ಬ ಕೊಟ್ಟಿಗೆಯ ಕಡೆ ಹೋದ, ಇನ್ನೊಬ್ಬ ಬಾಗಿಲಿಗೆ ಬಂದ. ಸ್ಟೋಕ್ಸ್ ಎಂದು ಹೆಸರು ಹೇಳಿದ. ನಲವತ್ತರ ಆಸುಪಾಸು, ಬಾಯಲ್ಲಿ ಚುಟ್ಟ, ಮಾತಲ್ಲಿ ಬೆಣ್ಣೆ.

"ಏನ್ ತಾಯಿ, ಯಜಮಾನ್ರು ಮನೇಲಿದಾರಾ?"

"ಇಲ್ಲ."

"ಎಲ್ಲಿಗೆ ಹೋಗಿದಾರೆ?"

"ಹೇಳಿ ಹೋಗೋ ಗಂಡಸು ಯಾವ ಊರಲ್ಲಿದಾನೆ ಸಾಹೇಬ್ರೇ? ನೀವೀಗ ಎಲ್ಲಿದೀರಾಂತ ನಿಮ್ಮ ಮನೆಯವರಿಗೆ ಗೊತ್ತಾ?"

ಸ್ಟೋಕ್ಸ್ ನಕ್ಕ. ನಗುತ್ತಲೇ ಅಡುಗೆಮನೆಯ ಹಾಸಿಗೆ ಎತ್ತಿ ನೋಡಿದ, ಹಿಟ್ಟಿನ ಪೀಪಾಯಿಯ ಹಿಂದೆ ಕೋಲು ಆಡಿಸಿದ, ನೆಲಮಾಳಿಗೆಗೆ ಇಳಿದು ಹತ್ತಿ ಬಂದ. "ಸೂಜಿ ಮಾರೋನೊಬ್ಬ ಹೇಳ್ದ, ಹೋದ ವಾರ ಈ ಮನೇಲಿ ಹಸುಗೂಸು ಅಳ್ತಿತ್ತಂತೆ."

"ಬೆಕ್ಕು ಮರಿ ಹಾಕಿದೆ. ಬೇಕಾದ್ರೆ ಎರಡು ಎತ್ಕೊಂಡೋಗಿ."

ಅವನು ಹಿತ್ತಿಲ ಕಿಟಕಿಯಿಂದ ಹೊರಗೆ ನೋಡಿದ. ಹಗ್ಗದ ಮೇಲೆ ಚೌಕಾಕಾರದ ಬಿಳಿ ಬಟ್ಟೆಗಳು, ಎಣಿಸಿದರೆ ಹನ್ನೊಂದು. "ಅದೇನು, ಬೆಕ್ಕಿನ ಮರಿಗೆ ಕಟ್ಟೋದಾ?"

ತಿರ್ಜಾಳ ಜೀವ ಬಾಯಿಗೆ ಬಂತು. ಆದರೆ ಬಾಯಿ ಸುಮ್ಮನಿರಲಿಲ್ಲ. "ಸೊಪ್ಪಿಗೆ ಹೊದಿಸೋದು. ಒದ್ದೆ ಬಟ್ಟೆ ಹಾಕ್ದಿದ್ರೆ ಬಿಸಿಲಿಗೆ ಬಾಡಿಹೋಗುತ್ತೆ. ನೀವು ಹುಳ ಸಾಕಿಲ್ಲ ಅಂತ ಕಾಣುತ್ತೆ." ಹೋಗಿ ಒಂದು ಬಟ್ಟೆ ಎಳೆದು ತಂದು, ಬಕೆಟ್ಟಿನಲ್ಲಿ ಅದ್ದಿ, ಅವನ ಕಣ್ಣೆದುರಿಗೇ ಮೂಲೆಯಲ್ಲಿದ್ದ ಸೊಪ್ಪಿನ ಬುಟ್ಟಿಯ ಮೇಲೆ ಹೊದಿಸಿದಳು. ಅಂಚುಗಳನ್ನು ಒಂದೊಂದಾಗಿ ಬುಟ್ಟಿಯೊಳಗೆ ಸಿಕ್ಕಿಸಿದಳು. ಮುವ್ವತ್ತು ವರ್ಷ ಹಸು ಕರೆದ ಕೈ.

"ಹುಳಾನಾ? ಎಲ್ಲಿ, ನೋಡೋಣ."

ಬಾಗಿಲು ತೆರೆದ ಕೂಡಲೇ ಸದ್ದು ಮುಖಕ್ಕೆ ಬಡಿಯಿತು. ಸ್ಟೋಕ್ಸ್ ಹೊಸ್ತಿಲಲ್ಲೇ ನಿಂತ. ಅಟ್ಟಣೆಯ ತುಂಬ ತಟ್ಟೆ, ತಟ್ಟೆಯ ತುಂಬ ಬೆರಳುದ್ದದ ಬೂದು ಬಿಳಿಯ ಹುಳುಗಳ ಮಿಜಿಮಿಜಿ.

"ಚುಟ್ಟ ಹೊರಗಿಡಿ ಸಾಹೇಬ್ರೇ. ಹೊಗೆ ತಾಗಿದ್ರೆ ಹುಳ ಸಾಯುತ್ತೆ."

"ಸತ್ರೆ ಸಾಯ್ಲಿ," ಎಂದ ಅವನು, ಆದರೂ ಚುಟ್ಟವನ್ನು ಹೊಸ್ತಿಲಿಗೆ ಒರೆಸಿ ಕಿವಿಗೆ ಸಿಕ್ಕಿಸಿಕೊಂಡ. ಒಂದೊಂದೇ ಹೆಜ್ಜೆ ಒಳಗೆ ಬಂದ. ಮೊದಲನೇ ಅಟ್ಟಣೆ, ಎರಡನೇ ಅಟ್ಟಣೆ. ಕೊನೆಯದರ ಮುಂದೆ ನಿಂತು ಗೋಣಿಪಟ್ಟೆಯನ್ನು ನೋಡಿದ. "ಇದರ ಹಿಂದೆ ಏನಿದೆ?"

"ಗೋಡೆ."

ಅವನು ಕೈ ಚಾಚಿದ. ಇನ್ನು ಯೋಚಿಸಲು ಹೊತ್ತಿರಲಿಲ್ಲ. ತಿರ್ಜಾ ಮೇಲಿನ ತಟ್ಟೆಯನ್ನು ಮೊಣಕೈಯಿಂದ ಒತ್ತಿದಳು, ಅದು ವಾಲಿತು. "ಅಯ್ಯೋ, ಹಿಡ್ಕೊಳಿ, ಬೀಳುತ್ತೆ," ಎಂದು ಚೆಲ್ಲಿದ ಹುಳುಗಳನ್ನು ಬಾಚಿ ಅವನ ಚಾಚಿದ ಅಂಗೈಗೆ ಸುರಿದಳು. ತಣ್ಣಗೆ, ಮೆತ್ತಗೆ, ಒಂದು ಹಿಡಿ. ಒಂದೆರಡು ಅಂಗಿಯ ತೋಳೊಳಗೆ ಹತ್ತಿದವು. ಸ್ಟೋಕ್ಸ್ ಕೈ ಕೊಡವಿ ಹಿಂದಕ್ಕೆ ಹಾರಿದವನು ಅಡುಗೆಮನೆಯಲ್ಲಿ ನಿಂತ. ಅಂಗಿ ಒದರುತ್ತ, "ಇದರ ಜೊತೆ ಹೇಗ್ರೀ ಬದುಕ್ತೀರಿ," ಎಂದ.

"ಅಭ್ಯಾಸ ಆಗುತ್ತೆ. ಯಾರ ಜೊತೆಯಾದ್ರೂ ಆಗುತ್ತೆ." ಅದು ಹುಳುವಿಗಷ್ಟೇ ಆಡಿದ ಮಾತಲ್ಲವೆಂದು ಆಡಿದ ಮೇಲೆ ಅವಳಿಗೇ ಹೊಳೆಯಿತು.

ಇನ್ನು ಹೋಗುತ್ತಾನೆ ಎಂದುಕೊಂಡಳು. ಅವನು ಕುರ್ಚಿ ಎಳೆದುಕೊಂಡು ಕೂತ. "ಹೊಟ್ಟೆ ಹಸೀತಿದೆ ತಾಯಿ. ಮಧ್ಯಾಹ್ನ ಆಯ್ತಲ್ಲ. ಕಾಫಿ ಸಿಗುತ್ತಾ?"

"ಕಾಫಿ ಕುಡಿಯೋ ಮನೆಯಲ್ಲ ಇದು. ಮಜ್ಜಿಗೆ ಇದೆ."

"ಕಾಫಿ ಇಲ್ಲ, ಚುಟ್ಟ ಇಲ್ಲ, ಗಂಡ ಇಲ್ಲ. ಇರೋದು ಹುಳ ಒಂದೇ."

ಹಸಿದವನು ಶತ್ರುವಾದರೂ ಊಟ ಇಲ್ಲ ಎನ್ನಬಾರದು. ಅವಳು ಉಪ್ಪು ಹಚ್ಚಿಟ್ಟ ಹಂದಿಮಾಂಸ ಹುರಿದಳು, ಹಾಲಿನ ಗೊಜ್ಜು ಮಾಡಿದಳು, ಬಟಾಣಿ ಬೇಯಿಸಿದಳು. ಒಲೆಯ ಮುಂದೆ ನಿಂತು ಕಿವಿಯನ್ನು ಮಾತ್ರ ಪಕ್ಕದ ಕೋಣೆಗೆ ಇಟ್ಟಿದ್ದಳು. ಸದ್ದು ಇನ್ನೂ ಜೋರಾಗಿಯೇ ಇತ್ತು. ಕೊಟ್ಟಿಗೆಗೆ ಹೋದವನು ಬಂದು, ಏನೂ ಇಲ್ಲ ಎಂದು ತಲೆಯಾಡಿಸಿ, ಕುದುರೆಗಳ ಹತ್ತಿರ ಹೋಗಿ ಕೂತ.

ಊಟದ ತಟ್ಟೆ ಇಟ್ಟದ್ದಾಯಿತು. ತಿರ್ಜಾ ರೊಟ್ಟಿ ಮುರಿಯಲು ಕೈಹಾಕಿದಾಗ ಸ್ಟೋಕ್ಸ್ ಕೇಳಿದ, "ಯಾಕೆ, ಇವತ್ತು ಪ್ರಾರ್ಥನೆ ಇಲ್ವಾ? ನಿಮ್ಮೋರು ಕುರ್ಚಿ ಹಿಂದು ಮುಂದು ತಿರುಗಿಸಿ, ಮಂಡಿಯೂರಿ, ಮನೆಯವರೆಲ್ಲರ ಹೆಸರು ಹೇಳಿ ಆಮೇಲೆ ತಾನೆ ಊಟ ಮಾಡೋದು? ನಾನು ಬಂದೆ ಅಂತ ಪದ್ಧತಿ ಬಿಡಬೇಡಿ."

ತಿರ್ಜಾ ರೊಟ್ಟಿಯನ್ನು ಕೆಳಗಿಟ್ಟಳು. "ಬಿಡೋದೆಲ್ಲಿ ಬಂತು. ನಾನೇ ಮಾಡ್ತೀನಿ," ಎಂದು ಕುರ್ಚಿ ತಿರುಗಿಸಿದಳು.

"ಮಕ್ಕಳು ಮಾಡಿದ್ರೆ ಚೆನ್ನ. ನಿನ್ನ ಹೆಸರೇನು ಪುಟ್ಟಿ?"

"ಹುಲ್ದಾ."

"ಹುಲ್ದಾ ಮಾಡ್ಲಿ. ದಿನಾ ಹೇಗೆ ಮಾಡ್ತೀಯೋ ಹಾಗೇ ಮಾಡಮ್ಮ. ದೇವರ ಹತ್ರ ಸುಳ್ಳು ಹೇಳಬಾರದು, ಅಲ್ವಾ?"

"ಹೇಳಬಾರದು," ಎಂದಿತು ಮಗು.

ಮನೆಮನೆ ಹೊಕ್ಕು ಪಳಗಿದ ನಾಯಿ ಇವನು, ಎಂದುಕೊಂಡಳು ತಿರ್ಜಾ. ಬೇಡವೆಂದರೆ ಅದೇ ಸಾಕ್ಷಿ. ಮಂಡಿಯೂರಿದ ಮೇಲೆ ನಡುವೆ ಬಾಯಿ ಹಾಕುವಂತಿಲ್ಲ. ಪ್ರಾರ್ಥನೆಯನ್ನು ಯಾರೂ ತಡೆಯುವುದಿಲ್ಲ, ಮನೆಗೆ ಬೆಂಕಿ ಬಿದ್ದರೂ ಆಮೆನ್ ಆದಮೇಲೆಯೇ ನೀರು. ಮನುಷ್ಯರಿಗೆ ಏನು ಹೇಳಬೇಕೆಂದು ಮಗುವಿಗೆ ಎರಡು ವರ್ಷ ಪಾಠ ಹೇಳಿದ್ದರು. ದೇವರಿಗೆ ಏನು ಹೇಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮೂವರು ದೊಡ್ಡವರಿಗೂ ಅದು ಹೊಳೆಯಲೇ ಇಲ್ಲ. ಪ್ರಾರ್ಥನೆ ಮೇಲಿರುವವನೊಬ್ಬನಿಗೇ ಕೇಳಿಸುತ್ತದೆ ಎಂಬಂತೆ ಬದುಕಿದ ಜನ ನಾವು.

ಇನ್ನೂ ಕೆಟ್ಟದ್ದೆಂದರೆ, ಹೆಸರು ಹಿಡಿದು ಪ್ರಾರ್ಥಿಸುವುದನ್ನು ಮಗುವಿಗೆ ಕಲಿಸಿದವಳು ತಿರ್ಜಾಳೇ. ಅವಳ ತಾಯಿ ಕೈಬಂಡಿಯ ದಾರಿಯಲ್ಲಿ ದಿನಾ ಸಂಜೆ ಐದೂ ಮಕ್ಕಳ ಹೆಸರು ಹೇಳುತ್ತಿದ್ದಳು, ಹೂತು ಬಂದವನ ಹೆಸರೂ ಸೇರಿಸಿ. ಹೆಸರು ಬಿಟ್ಟರೆ ದೇವರೂ ಮರೆತುಬಿಡುತ್ತಾನೆ ಎನ್ನುತ್ತಿದ್ದಳು. ಅದನ್ನೇ ತಿರ್ಜಾ ಹುಲ್ದಾಳಿಗೆ ಹೇಳಿದ್ದಳು. ಹುಲ್ದಾ ಒಂದು ಹೊತ್ತೂ ತಪ್ಪಿಸುತ್ತಿರಲಿಲ್ಲ. ಅಪ್ಪನ್ನ ಕುರಿಯವರ ಗುಡಿಸಲಲ್ಲಿ ಬೆಚ್ಚಗಿಡು, ದೊಡ್ಡಮ್ಮನ್ನ ಕಾಪಾಡು, ಅಮ್ಮ ಮಾರೆನ್‌ನ ಕಾಪಾಡು, ಹೊಸ ಪಾಪುನ್ನ ಕಾಪಾಡು. ಬೆಳಿಗ್ಗೆಯಷ್ಟೇ ಹೇಳಿದ್ದಳು.

ಮಂಡಿಯೂರಿದರು. ಸ್ಟೋಕ್ಸ್ ಟೋಪಿ ತೆಗೆದು ಮಗುವಿನ ಹಿಂದೆ ನಿಂತ.

"ಪರಲೋಕದ ತಂದೆಯೇ," ಎಂದಳು ಹುಲ್ದಾ, ಕೈಕಟ್ಟಿ, ಕಣ್ಣು ಬಿಗಿಯಾಗಿ ಮುಚ್ಚಿ. "ಊಟ ಕೊಟ್ಟಿದ್ದಕ್ಕೆ ವಂದನೆ. ಬಟಾಣಿ ಕೊಟ್ಟಿದ್ದಕ್ಕೆ ವಂದನೆ. ನಮ್ಮ ಸಭೆಯ ಪ್ರವಾದಿನ ಕಾಪಾಡು. ಹುಳುಗಳು ಚೆನ್ನಾಗಿ ಗೂಡು ಕಟ್ಟಲಿ."

ಪಕ್ಕದ ಕೋಣೆಯ ಮಳೆ ಸಣ್ಣಗಾಗುತ್ತಿತ್ತು. ಮೇಲಿನ ತಟ್ಟೆಗಳ ಸೊಪ್ಪು ಮುಗಿದಿರಬೇಕು. ತಿರ್ಜಾ ಕಣ್ಣು ಮುಚ್ಚಿಯೇ ಒಂದೊಂದು ತಟ್ಟೆ ಸುಮ್ಮನಾಗುವುದನ್ನು ಕೇಳಿಸಿಕೊಂಡಳು.

"ಅಪ್ಪನ್ನ ಕಾಪಾಡು," ಎಂದಳು ಹುಲ್ದಾ. ಮಾತು ನಿಂತಿತು. "ಅಪ್ಪ ಎಲ್ಲಿದಾರೋ ನಂಗೊತ್ತಿಲ್ಲ."

ಸ್ಟೋಕ್ಸ್‌ನ ಬೂಟು ನೆಲದ ಮೇಲೆ ಸಣ್ಣಗೆ ಕಿರುಗುಟ್ಟಿತು.

"ಇಲ್ಲಿರೋ ಅಮ್ಮನ್ನ ಕಾಪಾಡು. ಆಮೇಲೆ..." ಮತ್ತೆ ನಿಂತಿತು. ತಿರ್ಜಾ ಕಣ್ಣು ತೆರೆದುಬಿಟ್ಟಳು. ಮಗುವಿನ ತುಟಿ ಒಂದು ಅಕ್ಷರಕ್ಕೆ ಕೂಡಿತ್ತು, ಮ ಎಂಬ ಅಕ್ಷರಕ್ಕೆ. ಕೂಡಿದ ತುಟಿ ಹಾಗೇ ಬಹಳ ಹೊತ್ತು ಇತ್ತು. ಗೋಡೆಯಾಚೆ ಹುಳುಗಳ ಸದ್ದು ಈಗ ಹನಿಹನಿ ಮಾತ್ರ.

"ಆಮೇಲೆ?" ಎಂದ ಸ್ಟೋಕ್ಸ್, ಮೆಲ್ಲಗೆ, ಮುದ್ದು ಮಾಡುವವನಂತೆ. ಪ್ರಾರ್ಥನೆಯ ನಡುವೆ ಬಾಯಿ ಹಾಕಿದವನನ್ನು ತಿರ್ಜಾ ಜೀವಮಾನದಲ್ಲಿ ಮೊದಲ ಬಾರಿ ನೋಡಿದಳು.

"ಆಮೇಲೆ ಇನ್ಯಾರೂ ಇಲ್ಲ," ಎಂದಳು ಹುಲ್ದಾ ದೇವರಿಗೆ. "ನಮ್ಮನೇಲಿ ಇನ್ಯಾರೂ ಇಲ್ಲ. ಆಮೆನ್."

"ಆಮೆನ್," ಎಂದು ತಿರ್ಜಾ ಎದ್ದವಳೇ, "ಹುಳಕ್ಕೆ ಸೊಪ್ಪು ಮುಗೀತು, ನೀವು ಶುರು ಮಾಡಿ," ಎಂದು ಬುಟ್ಟಿ ಎತ್ತಿಕೊಂಡು ಕೋಣೆಗೆ ಹೋದಳು. ಗೋಣಿಪಟ್ಟೆಯ ಹಿಂದಿನಿಂದ ಕೂಸು ಸಣ್ಣಗೆ ಮುಲುಗುತ್ತಿತ್ತು, ಇನ್ನೊಂದು ಗಳಿಗೆಯಲ್ಲಿ ಅಳುವಾಗುವ ಮುಲುಕು. ಎರಡೂ ಕೈಯಲ್ಲಿ ಸೊಪ್ಪು ಬಾಚಿ ಬಾಚಿ ಎರಚಿದಳು. ಮಳೆ ಮತ್ತೆ ಹಿಡಿಯಿತು. ಪಟ್ಟೆಯ ಸಂದಿಯಲ್ಲಿ ಮಾರೆನ್‌ಳ ಮುಖ ಅರ್ಧ ಕಂಡಿತು. ಕೆನ್ನೆಯ ಮೇಲಿಂದ ನೀರು ಇಳಿದು ಕೂಸಿನ ತಲೆಯ ಮೇಲೆ ಬೀಳುತ್ತಿತ್ತು. ಗೋಡೆ ತೆಳುವು, ಎಲ್ಲವೂ ಕೇಳಿಸಿತ್ತು. ತಾನು ಇಲ್ಲವೆಂದು ತನ್ನ ಮಗಳು ದೇವರಿಗೆ ಹೇಳಿದ್ದು ಕೇಳಿಸಿತ್ತು.

ಸ್ಟೋಕ್ಸ್ ಗೊಜ್ಜನ್ನು ರೊಟ್ಟಿಯಿಂದ ಒರೆಸಿ ತಿಂದ. ಹೊರಡುವಾಗ ಹುಲ್ದಾಳ ತಲೆ ಸವರಿದ. "ಚೆನ್ನಾಗಿ ಕಲಿಸಿದೀರಿ ತಾಯಿ," ಎಂದ. ಅವನಿಗೆ ಅನುಮಾನ ಹೋಗಿತ್ತೋ ಇಲ್ಲವೋ ದೇವರೇ ಬಲ್ಲ. ಆದರೆ ಹುಳುಗಳ ಕೋಣೆಗೆ ಮತ್ತೆ ಕಾಲಿಡುವ ಮನಸ್ಸು ಅವನಿಗಿರಲಿಲ್ಲ. ಎರಡು ಕುದುರೆಗಳ ಧೂಳು ಹೊಳೆಯ ದಾರಿ ಹಿಡಿಯುವವರೆಗೆ ತಿರ್ಜಾ ಬಾಗಿಲಲ್ಲಿ ನಿಂತಿದ್ದಳು. ಬಹಳ ಹೊತ್ತಾದ ಮೇಲೆ ಪಕ್ಕದ ಬೇಲಿಯಿಂದ ಕೆಂಪು ಕೌದಿ ಇಳಿಯಿತು.

ಒಳಗೆ ಬಂದರೆ ಹುಲ್ದಾಳ ತಟ್ಟೆ ಇಟ್ಟ ಹಾಗೇ ಇತ್ತು. ಮಗು ಮೇಜಿನ ಕೆಳಗೆ ಕೂತಿತ್ತು.

"ಹೋದ್ರು ಕಣೆ. ಬಾ, ಊಟ ಮಾಡು. ನೀನು ಎಂಥಾ ಜಾಣೆ."

"ಊಟ ಬೇಡ ದೊಡ್ಡಮ್ಮ."

"ಯಾಕೆ?"

ಮಾರೆನ್ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಅವಳನ್ನು ನೋಡಿದ ಕೂಡಲೇ ಹುಲ್ದಾಳ ಮುಖ ಸೊಟ್ಟಗಾಯಿತು, ಅಳು ಕಿತ್ತುಕೊಂಡು ಬಂತು. "ಇನ್ಯಾರೂ ಇಲ್ಲ ಅಂತ ಹೇಳ್ಬಿಟ್ಟೆ. ದೇವರು ನಂಬಿಬಿಟ್ರೆ?"

"ದೇವರಿಗೆ ಎಲ್ಲಾ ಗೊತ್ತು ಮಗಳೇ," ಎಂದಳು ಮಾರೆನ್.

"ಹೆಸರು ಬಿಟ್ರೆ ದೇವರು ಮರೆತುಬಿಡ್ತಾನೆ. ದೊಡ್ಡಮ್ಮನೇ ಹೇಳಿದ್ದು."

ತಿರ್ಜಾ ಮೇಜಿಗೆ ಕೈಯೂರಿ ನಿಂತಳು. ಮಗುವಿಗೆ ಹಾಗೆ ಹೇಳಿದ್ದು ನಿಜ. ಹೇಳಿದವಳು ತಾನು ಮಾತ್ರ ಎಂಟು ವರ್ಷ ಏನು ಮಾಡಿದ್ದಳು? ತನ್ನ ಸರದಿ ಬಂದಾಗಲೆಲ್ಲ ಗಂಡನ ಹೆಸರು, ಮಕ್ಕಳ ಹೆಸರು, ಸತ್ತ ತಮ್ಮನ ಹೆಸರು, ಕೊನೆಗೆ ಹಸುವಿನ ಹೆಸರೂ ಹೇಳಿ, ಆಮೇಲೆ "ಮನೆಯ ಉಳಿದವರನ್ನೂ ಕಾಪಾಡು" ಎಂದು ಮುಗಿಸುತ್ತಿದ್ದಳು. ಉಳಿದವರು ಎಂದರೆ ಒಬ್ಬಳೇ. ಆ ಒಬ್ಬಳು ಪಕ್ಕದಲ್ಲೇ ಮಂಡಿಯೂರಿ ಅದನ್ನು ದಿನವೂ ಕೇಳಿಸಿಕೊಂಡು, ಆಮೆನ್ ಎಂದು, ಎದ್ದು ರೊಟ್ಟಿ ಬಡಿಸುತ್ತಿದ್ದಳು. ಒಂದು ದಿನವೂ ತುಟಿ ಪಿಟಕ್ಕೆನ್ನಲಿಲ್ಲ. ಮಗು ಹೆದರಿ ಒಂದು ಸಲ ಬಿಟ್ಟ ಹೆಸರಿಗೆ ಊಟ ಬಿಟ್ಟು ಕೂತಿದೆ. ತಾನು ಬೇಕೆಂದೇ ಎಂಟು ವರ್ಷ ಬಿಟ್ಟು ಮೂರು ಹೊತ್ತೂ ಉಂಡಿದ್ದಳು. ಅವಳಿಗೆ ನಾಚಿಕೆಯಾಯಿತು, ಮುಖಕ್ಕೆ ಬಿಸಿ ಹತ್ತುವಂಥ ನಾಚಿಕೆ.

ಸಂಜೆಗೆ ಗಾಡಿ ಬರಬೇಕೆಂದು ಹೇಳಿ ಕಳಿಸುವುದಿತ್ತು. ಸ್ಟೋಕ್ಸ್ ಇನ್ನೊಮ್ಮೆ ಬಂದೇ ಬರುತ್ತಾನೆ, ಮಾರೆನ್ ಇನ್ನು ಈ ಮನೆಯಲ್ಲಿ ಇರುವ ಹಾಗಿಲ್ಲ. ತೆಂಕಣ ಕಣಿವೆಗೆ, ಯಾರದೋ ಮನೆಗೆ, ವಿಧವೆಯೆಂದು, ಬೇರೆ ಹೆಸರಿನಲ್ಲಿ. ಇನ್ನು ಎಷ್ಟು ತಿಂಗಳು ಅವಳನ್ನು ಅವಳ ಹೆಸರು ಹಿಡಿದು ಕರೆಯುವವರೇ ಇರುವುದಿಲ್ಲವೋ.

"ಮಾರೆನ್, ಇಲ್ಲಿ ಬಾ," ಎಂದಳು ತಿರ್ಜಾ. "ಹುಲ್ದಾ, ನೀನೂ ಬಾ. ಕಣ್ಣು ಒರೆಸ್ಕೋ."

ಕುರ್ಚಿಗಳು ಇನ್ನೂ ತಿರುಗಿಸಿದ ಹಾಗೇ ಇದ್ದವು. ಮೂವರೂ ಮಂಡಿಯೂರಿದರು. ಕೂಸು ಮಾರೆನ್‌ಳ ತೋಳಲ್ಲಿ ನಿದ್ದೆ ಹೋಗಿತ್ತು.

"ತಂದೆಯೇ, ಗುಡಿಸಲಲ್ಲಿರೋ ಜೋತಮ್‌ನ ಕಾಪಾಡು. ಹುಲ್ದಾನ ಕಾಪಾಡು. ಹೆಸರಿಲ್ಲದ ಈ ಕೂಸನ್ನ ಕಾಪಾಡು." ಅಲ್ಲಿಗೆ ಬಂದು ಕುರ್ಚಿಯ ಅಂಚನ್ನು ಹಿಡಿದುಕೊಂಡಳು. ಇಷ್ಟು ಸಣ್ಣ ಹೆಸರು ಇಷ್ಟು ಭಾರವಿರುತ್ತದೆಂದು ಅವಳಿಗೆ ತಿಳಿದಿರಲಿಲ್ಲ. "ಮಾರೆನ್‌ನ... ನನ್ನ ತಂಗಿ ಮಾರೆನ್‌ನ ಕಾಪಾಡು. ಅವಳಿದಾಳೆ. ಈ ಮನೇಲೇ ಇದಾಳೆ."

ಮಾರೆನ್ ಆಮೆನ್ ಎನ್ನಲಿಲ್ಲ. ಕೂಸನ್ನು ಎದೆಗೊತ್ತಿಕೊಂಡು, ತಲೆಯನ್ನು ಕುರ್ಚಿಯ ಮೇಲಿಟ್ಟು, ಭುಜ ಅಲುಗುವಂತೆ ಬಿಕ್ಕುತ್ತಿದ್ದಳು.

"ದೇವರಿಗೆ ಕೇಳಿಸ್ತಾ ದೊಡ್ಡಮ್ಮ?" ಎಂದಳು ಹುಲ್ದಾ. "ಹುಳುಗಳು ಸದ್ದು ಮಾಡ್ತಿದ್ವಲ್ಲ."

"ಹಂಗಾದ್ರೆ ಇನ್ನೊಂದ್ಸಲ ಹೇಳ್ತೀನಿ," ಎಂದಳು ತಿರ್ಜಾ, ಮತ್ತೆ ಮೊದಲಿಂದ ಹೇಳಿದಳು. ಈ ಸಲ ಮಾರೆನ್‌ಳ ಹೆಸರಿನಿಂದ ಶುರು ಮಾಡಿದಳು.